ಕ್ಲಚ್ಚಿಗೆ ಕಟ್ಟಿದ ಕುಳ

ಸಾಹುಕಾರರಿಗೆ ಆ ಮೋಟಾರಿನ ಹುಚ್ಚು ಹಿಡಿದದ್ದು ಅವರ ಡ್ರೈವರಾಗಿದ್ದ ನನ್ನ ಮೊಣಕಾಲಿನ ಗ್ರಹಚಾರ. ಹುಣಸೂರಿನಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಅವರು, ತನ್ನ ದೇಶಕ್ಕೆ ಹೊರಟಿದ್ದ ಕೊಡಗಿನ ಬಿಳಿ ಪ್ಲಾಂಟರೊಬ್ಬನಿಂದ ಅದನ್ನು ಕೊಂಡಿದ್ದರು. ಎರಡೇ ಸೀಟು, ಮೇಲೆ ಮಡಿಸುವ ಕ್ಯಾನ್ವಾಸು, ಪಂದ್ಯಕ್ಕೆಂದೇ ಮಾಡಿದ ಎಂಜಿನ್ನು. ವೀರನಹೊಸಹಳ್ಳಿ ರಸ್ತೆಯಲ್ಲಿ ಬಿಟ್ಟರೆ ಹಿಂದೆ ಧೂಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆದರೆ ಅದರ ಕ್ಲಚ್ಚು! ಒತ್ತಿದರೆ ಬಂಡೆ ನೂಕಿದ ಹಾಗೆ. ಚಿಕ್ಕಂದಿನಲ್ಲಿ ನೊಗ ಬಿದ್ದು ನನ್ನ ಎಡ ಮೊಣಕಾಲು ಮೊದಲೇ ಸೋತಿತ್ತು. ಒಂದು ಸಂತೆಯ ದಿನ ಕಾಲು ನಡುಗಿ, ಪೆಡಲ್ಲು ಜಾರಿ, ಗಾಡಿ ಮುಂದಕ್ಕೆ ಹಾರಿ ಬೆಲ್ಲದ ಅಂಗಡಿಯ ತಡಿಕೆಗೆ ಗುದ್ದಿತು.

"ಕಾಲು ಆಗ್ದಿದ್ರೆ ಹೇಳಯ್ಯ, ಬೇರೆಯವರನ್ನ ನೋಡ್ಕೊಳ್ತೀನಿ" ಎಂದರು ಸಾಹುಕಾರರು.

"ಆಯ್ತದೆ ಬುದ್ಧಿ. ಆ ಕ್ಲಚ್ಚನ್ನೇ ಸರಿ ಮಾಡ್ಕತೀನಿ" ಎಂದುಬಿಟ್ಟೆ. ಅಪ್ಪ ಹೋದ ಮೇಲೆ ಹಾರನಹಳ್ಳಿ ಹತ್ತಿರದ ನಮ್ಮ ತುಂಡು ಹೊಲ ಬೆಳೆಯ ಪಾಲಿನ ಲೆಕ್ಕದಲ್ಲಿ ಬೇರೆಯವರಿಗೆ ವಾರಕ್ಕೆ ಹೋಗಿತ್ತು. ಅವ್ವನ ಒಲೆ ಉರಿಯುತ್ತಿದ್ದದ್ದು ನನ್ನ ಈ ಕೆಲಸದಿಂದಲೇ.

ಹಾರೆ ಉದ್ದವಿದ್ದಷ್ಟೂ ಕಲ್ಲು ಸಲೀಸಾಗಿ ಏಳುತ್ತದೆಂದು ಹೊಲದಲ್ಲಿ ಬೆಳೆದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಪೆಡಲ್ಲಿನ ಕೋಲನ್ನೂ ಉದ್ದ ಮಾಡಿದರೆ ಒತ್ತುವುದು ಹಗುರ. ಅದಕ್ಕೆ ಬೇಕಾಗಿದ್ದದ್ದು ಒಂದು ಗಟ್ಟಿ ಕಬ್ಬಿಣದ ಪಟ್ಟಿ. ಯುದ್ಧದ ಕಾಲ, ಎಲ್ಲಿ ಕೇಳಿದರೂ ಇಲ್ಲ. ಊರಿಗೆ ಹೋದಾಗ ಅವ್ವನ ಮುಂದೆ ಈ ಗೋಳು ತೋಡಿಕೊಂಡೆ. ಕೇಳುತ್ತಿದ್ದವಳು ಎದ್ದು, ಗೋಡೆಯ ಮೊಳೆಯಿಂದ ಅಪ್ಪನ ನೇಗಿಲ ಕುಳವನ್ನು ಇಳಿಸಿ ನನ್ನ ಮುಂದಿಟ್ಟಳು. ಅಪ್ಪ ಉತ್ತು ಉತ್ತು ಸವೆಸಿದ ಕಬ್ಬಿಣ. ಯುಗಾದಿಯ ದಿನ ಅದನ್ನು ತೊಳೆದು, ಅರಿಸಿನ ಕುಂಕುಮವಿಟ್ಟು, ಹಣೆ ತಾಗಿಸಿದ ಮೇಲೆಯೇ ನಮ್ಮ ಮನೆಯಲ್ಲಿ ಬೇವು ಬೆಲ್ಲ.

"ಇದ್ನ ಕಾಲಲ್ಲಿ ತುಳಿಯಾದಾ ಅವ್ವ?"

"ಗ್ವಾಡೇಲಿ ತೂಗಾಕಿದ್ರೆ ಯಾರ ಹೊಟ್ಟೆ ತುಂಬ್ತದೆ? ತಕಂಡೋಗು ಮಗ."

ಬೇಡ ಎನ್ನಬಹುದಿತ್ತು. ಎನ್ನಲಿಲ್ಲ.

ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿದೆ, ತೂತು ಕೊರೆದೆ. ಪೆಡಲ್ಲಿನ ತಲೆ ಕತ್ತರಿಸಿ, ಉಳಿದ ಕೋಲಿಗೆ ಕುಳವನ್ನು ಬೋಲ್ಟು ಹಾಕಿ ಬಿಗಿದೆ. ಉದ್ದ ಜಾಸ್ತಿಯಾಯಿತು. ಕ್ಲಚ್ಚು ಪೂರ್ತಿ ಬಿಡುವ ಮೊದಲೇ ಪೆಡಲ್ಲು ತಳಕ್ಕೆ ತಾಗಿ, ಗೇರು ಕಿರ್ರೆಂದು ಬೈಯಿತು. ಮತ್ತೆ ಬಿಚ್ಚಿ, ಕುಳದ ಮೂತಿಯನ್ನು ಇನ್ನಷ್ಟು ಕತ್ತರಿಸಿದೆ. ಗರಗಸ ಎಳೆಯುವಾಗ ಅಪ್ಪ ಹಿಂದೆಯೇ ನಿಂತು ನೋಡುತ್ತಿದ್ದಾರೆ ಅನ್ನಿಸಿ ಒಂದೆರಡು ಸಲ ತಿರುಗಿಯೂ ನೋಡಿದೆ.

ಆಮೇಲೆ ಕ್ಲಚ್ಚು ಬೆಣ್ಣೆಯಾಯಿತು. ನನ್ನ ಮನಸ್ಸು ಮಾತ್ರ ಕಸಿವಿಸಿ. ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಓಡಿಸತೊಡಗಿದೆ. ಹತ್ತುವ ಮೊದಲು ಕುಳ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಮರುಗಳಿಗೆ ಅದನ್ನೇ ತುಳಿಯುವುದು. ಇಂಥ ಭಕ್ತಿ ಯಾವ ದೇವರಿಗೆ ಬೇಕು! "ಏನಯ್ಯಾ, ಗುಡಿ ಒಳಗೆ ಹೋಗ್ತಿದ್ದೀಯೋ?" ಎಂದು ಸಾಹುಕಾರರು ನಗುತ್ತಿದ್ದರು.

ಪೆಟ್ರೋಲಿಗೆ ರೇಷನ್ನು ಬಂತು. ಸಾಹುಕಾರರು ಆ ಗಾಡಿಯನ್ನು ಮೈಸೂರಿನವರೊಬ್ಬರಿಗೆ ಮಾರಿದರು. ನಾನೇ ಓಡಿಸಿಕೊಂಡು ಹೋಗಿ ಒಪ್ಪಿಸಿದೆ. ಕುಳ ಬಿಚ್ಚಿಕೊಳ್ಳೋಣವೆಂದರೆ ಪೆಡಲ್ಲಿನ ತಲೆಯನ್ನು ನಾನೇ ಕತ್ತರಿಸಿ ಕೂತಿದ್ದೆ, ಅದಿಲ್ಲದೆ ಗಾಡಿ ನಡೆಯದು. ಕೊಂಡವರನ್ನು ಒಂದು ಮಾತು ಕೇಳಬಹುದಿತ್ತು, ಬಾಯಿ ಬರಲಿಲ್ಲ. ಸಾಹುಕಾರರು ನನ್ನನ್ನು ತಮ್ಮ ಹಳೆಯ ಮೋಟಾರಿಗೆ ಹಾಕಿಕೊಂಡರು. ಅದರ ಕ್ಲಚ್ಚು ಮೊದಲಿಂದಲೂ ಮೆತ್ತಗೆ. ಅಂತೂ ಕೆಲಸ ಉಳಿಯಿತು, ಕುಳ ಹೋಯಿತು.

ಯುಗಾದಿಗೆ ಊರಿಗೆ ಹೋದೆ. ಹಬ್ಬಕ್ಕಾದರೂ ಬಿಚ್ಚಿಕೊಂಡು ಬರುತ್ತೇನೆಂದು ಅವ್ವ ನಂಬಿದ್ದಳು. ಅರಿಸಿನ ಕುಂಕುಮದ ತಟ್ಟೆ ಹಿಡಿದು ಖಾಲಿ ಮೊಳೆಯ ಕೆಳಗೆ ನಿಂತು, "ಕುಳ ಎಲ್ಲಪ್ಪಾ?" ಎಂದಳು. ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಓದ್ರೆ ಓಯ್ತು ಬುಡು. ಎಡಗಾಲು ಇಂಗೆ ಚಾಚು."

ನೋವು ನೋಡುತ್ತಾಳೆಂದುಕೊಂಡು ಚಾಚಿದೆ. ಮೊಣಕಾಲಿಗೆ ಅರಿಸಿನ ಬಳಿದಳು, ಕುಂಕುಮವಿಟ್ಟಳು. ಆಮೇಲೆ ಬಗ್ಗಿದಳು. ಹೆತ್ತವಳು, ಮಗನ ಕಾಲಿಗೆ!

"ಅವ್ವಾ, ಪಾಪ ಬತ್ತದೆ, ಬುಡು" ಎಂದು ಕಾಲನ್ನು ಎಳೆದುಕೊಳ್ಳಲು ಹೋದೆ. ಬಿಗಿಯಾಗಿ ಹಿಡಿದಿದ್ದಳು.

"ಈಗ ನಮ್ಗೆ ಹಿಟ್ಟು ಆಕ್ತಿರಾದು ಇದೇ ಅಲ್ವೇನ್ಲಾ" ಎಂದು, ಕುಳಕ್ಕೆ ಮಾಡುತ್ತಿದ್ದಂತೆಯೇ ಹಣೆ ತಾಗಿಸಿದಳು.

ಆಮೇಲೆ ಎದ್ದು ಬೇವು ಬೆಲ್ಲ ಕೊಟ್ಟಳು.