ಷೇರಿನ ಹಲ್ಲು ಎಣಿಸಿದ್ದು

ಶಹಾಪುರದ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದೇನೆ. ಹೋದ ವರ್ಷದವರೆಗೆ ಒಂದು ಷೇರನ್ನೂ ಕೊಂಡಿರಲಿಲ್ಲ. ದಂಡೆಯ ಮೇಲೆ ನಿಂತೂ ಈಜು ಕಲಿಸಬಹುದು, ಸಂಬಳ ಬರುತ್ತದೆ. ಕಂಪನಿಯ ಲಾಭ ಏರಿದರೆ ಷೇರಿನ ಬೆಲೆಯೂ ಏರುತ್ತದೆ ಎಂದು ಬೋರ್ಡಿನ ಮೇಲೆ ಬಾಣ ಎಳೆದು ತೋರಿಸುತ್ತಿದ್ದೆ. ಎಳೆಯುವವನು ನಾನೇ ಆದ್ದರಿಂದ ಬಾಣ ಯಾವತ್ತೂ ಮೇಲಕ್ಕೇ ಹೋಗುತ್ತಿತ್ತು.

ಹೆಂಡತಿ ಮಹಾದೇವಿ ಹೊಲಿಗೆ ಹೊಲಿದು ಕೈಗೆ ಬಂಗಾರದ ಪಾಟ್ಲಿ ಮಾಡಿಸಲೆಂದು ರೊಕ್ಕ ಕೂಡಿಟ್ಟಿದ್ದಳು. ನನಗೆ ಕೊಡು, ವರ್ಷದಲ್ಲಿ ಪಾಟ್ಲಿಯ ಜೊತೆ ಬಿಲ್ವಾರವೂ ಬರುತ್ತದೆ ಎಂದೆ. ಪಾಪ, ಕೊಟ್ಟಳು. ನಾನು ತಿಂಗಳುಗಟ್ಟಲೆ ವರದಿ ಓದಿ, ಷೇರಿಗೆ ಗಳಿಕೆ ಎಷ್ಟು, ಬಂಡವಾಳದ ಮೇಲೆ ಲಾಭ ಎಷ್ಟು, ಸಾಲ ಎಷ್ಟು ಎಂದು ನೋಡಿ, ಎಲ್ಲದರಲ್ಲೂ ಫಸ್ಟ್ ಕ್ಲಾಸಾದ ಕಂಪನಿಯೊಂದನ್ನು ಆರಿಸಿ ರೊಕ್ಕವನ್ನೆಲ್ಲ ಅದರ ಷೇರಿಗೆ ಹಾಕಿದೆ. ಕನ್ಯೆ ನೋಡಲು ಹೋದಾಗಲೂ ಇಷ್ಟು ವಿಚಾರಿಸಿರಲಿಲ್ಲ. ಕಂಪನಿಯ ಫಲಿತಾಂಶ ಬಂತು. ಲಾಭ ನಾನು ಹೇಳಿದಂತೆಯೇ ಏರಿತ್ತು. ಅದೇ ದಿನ ಷೇರು ಬಿತ್ತು, ಮತ್ತೆ ಏಳಲಿಲ್ಲ. ಮಾರುಕಟ್ಟೆ ಇದಕ್ಕಿಂತ ಹೆಚ್ಚು ನಿರೀಕ್ಷಿಸಿತ್ತು ಎಂದು ಟಿವಿಯಲ್ಲಿ ಕೋಟು ಹಾಕಿದ ಪಂಡಿತರು ಅಪ್ಪಣೆ ಕೊಡಿಸಿದರು. ಹಿಂದಿನ ದಿನದವರೆಗೆ ಆ ಸಂಗತಿಯನ್ನು ಯಾಕೋ ಗುಟ್ಟಾಗಿಟ್ಟಿದ್ದರು.

ಮಹಾದೇವಿಯ ತಮ್ಮ ಶಿವರಾಯ ಸುರಪುರದ ಕಡೆ ದನದ ಸಂತೆಯಲ್ಲಿ ದಲ್ಲಾಳಿ. ಹಲ್ಲು ಎಣಿಸಿ ಎತ್ತಿನ ವಯಸ್ಸು ಹೇಳುವವನು, ಟವೆಲಿನ ಕೆಳಗೆ ಬೆರಳು ಹಿಡಿದು ಅದರ ಬೆಲೆ ಕುದುರಿಸುವವನು, ವಾರ್ಷಿಕ ವರದಿಯನ್ನು ಕಣ್ಣಿನಿಂದಲೂ ಕಂಡವನಲ್ಲ. ನನ್ನ ಗೋಳು ಕೇಳಿ, ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಳ್ಳುತ್ತ ಅಂದ:

“ನೀವು ಹಲ್ಲು ಎಣಿಸಿದ್ದು ಬರೋಬ್ಬರಿ ಅದ ಮಾವ. ಆದ್ರ ಆ ಹಲ್ಲು ಸಂತಿ ಮಂದಿ ಎಲ್ಲಾ ನಿಮಗಿಂತ ಮೊದಲೇ ಎಣಿಸ್ಯಾರ. ಹಲ್ಲಿನ ರೊಕ್ಕಾನೂ ಕೊಟ್ಟೇ ನೀವು ಎತ್ತು ತಂದೀರಿ. ಮತ್ತ ಅದಕ್ಕ ಇನ್ನ್ಯಾರು ಹೆಚ್ಚಿಗಿ ಕೊಡ್ತಾರ್ರಿ?”

ನಾನು ಒಂದು ಸೆಮಿಸ್ಟರ್ ಎಳೆಯುವ ಪಾಠವನ್ನು ಅವನು ಒಂದು ಬಸಿ ಚಹಾದಲ್ಲಿ ಮುಗಿಸಿದ್ದ. ಸಿಟ್ಟು ಬಂತು, ಮಾತು ಸರಿಯಿದ್ದುದರಿಂದ ಇನ್ನಷ್ಟು ಬಂತು.

ಅವನು ಹೋದ ಮೇಲೆ ಮಹಾದೇವಿಗೆ ಧೈರ್ಯ ಹೇಳಲು ಅಡುಗೆಮನೆಗೆ ಹೋದೆ. ಕಂಪನಿಗೇನೂ ಆಗಿಲ್ಲ, ಲಾಭ ಭರ್ಜರಿಯಾಗಿದೆ ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಕಂಪನಿಗಿ ಲಾಭ ಆಗ್ಯಾದ, ಖರೆ. ನನಗ ಯಾವಾಗ ಆಗ್ತದ್ರಿ?”

ಇಷ್ಟು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಕೇಳದ ಪ್ರಶ್ನೆ. ಬಹಳ ನಾಚಿಕೆಯಾಯಿತು. ತರಗತಿಗೆ ಹೊಂದುವ ಉತ್ತರಗಳು ನನ್ನ ಹತ್ತಿರ ಹತ್ತಾರಿದ್ದವು, ಅವಳ ಬರಿಗೈ ನೋಡಿಕೊಂಡು ಹೇಳಬಹುದಾದದ್ದು ಒಂದೂ ಇರಲಿಲ್ಲ.

ಗೊತ್ತಿಲ್ಲ ಎಂದೆ. ಈ ವಿಷಯದಲ್ಲಿ ನಾನು ಕೊಟ್ಟ ಮೊದಲ ಸರಿಯುತ್ತರ ಅದು.