ಮುದ್ದೆಯೊಳಗಿನ ಮಾತ್ರೆ

ಮಾತ್ರೆಯನ್ನು ಎರಡು ಚಮಚಗಳ ನಡುವೆ ಇಟ್ಟು ಒತ್ತಿ ಪುಡಿ ಮಾಡಿದರೆ ಸದ್ದಾಗುವುದಿಲ್ಲ. ಕುಟ್ಟಾಣಿಗೆ ಹಾಕಿದರೆ ಜಗಲಿಯವರೆಗೂ ಕೇಳುತ್ತದೆ. ಕೆಳಗಿನ ಚಮಚ ದೊಡ್ಡದಿರಬೇಕು, ಮೇಲಿನದು ಚಿಕ್ಕದು, ಎರಡೂ ಒಣಗಿರಬೇಕು. ಆರು ವರ್ಷ ಮನಃಶಾಸ್ತ್ರ ಓದಿದ ನನಗೆ ಇದನ್ನು ಯಾರೂ ಕಲಿಸಿರಲಿಲ್ಲ. ಕಾಮಸಮುದ್ರದ ಹತ್ತಿರದ ಒಂದು ಹಳ್ಳಿಯ ಅಡುಗೆಮನೆಯಲ್ಲಿ, ಕುಡಿಯುವ ನೀರು ಕೇಳಲು ಒಳಗೆ ಹೋದಾಗ ಕಂಡೆ. ಚಮಚ ಹಿಡಿದಿದ್ದ ಹೆಂಗಸು ತಲೆಯೆತ್ತಿ ನನ್ನನ್ನು ನೋಡಿದರು. ನಾನು ನೀರು ಕೇಳುವುದನ್ನು ಮರೆತೆ.

ಆಗ ನಾನು ಕೆಜಿಎಫ್‌ಗೆ ಬಂದು ಐದು ವಾರವಾಗಿತ್ತು. ನಾನು ಗದಗಿನವಳು. ಇಲ್ಲದ ದನಿಗಳು ಕೇಳುವುದು, ಇಲ್ಲದ ಸಂಚು ಕಾಣುವುದು, ಅಂದರೆ ವೈದ್ಯರು ಸೈಕೋಸಿಸ್ ಎನ್ನುವ ಕಾಯಿಲೆಯಿಂದ ಎದ್ದುಬಂದವರು ಮತ್ತೆ ಹೇಗೆ ಬದುಕು ಕಟ್ಟಿಕೊಳ್ಳುತ್ತಾರೆ ಎಂಬುದರ ಅಧ್ಯಯನವೊಂದರಲ್ಲಿ ನನಗೆ ಕೆಲಸ ಸಿಕ್ಕಿದೆ. ಒಂದೊಂದು ಮನೆಗೆ ಮೂರು ಸಲ ಹೋಗಬೇಕು, ಕೇಳಬೇಕು, ಬರೆದುಕೊಳ್ಳಬೇಕು. ನಾನು ಡಾಕ್ಟರಲ್ಲ. ಈ ಮಾತನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ.

ಚಾಂಪಿಯನ್ ರೀಫ್ಸ್‌ನಲ್ಲಿ ಒಂದು ಲೈನ್ ಮನೆಯ ಅರ್ಧ ಭಾಗ ನನ್ನದು. ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಮನೆಗಳಿಗೆ ಇಲ್ಲಿ ಲೈನ್ ಎನ್ನುತ್ತಾರೆ. ಗೋಡೆ ಎಷ್ಟು ತೆಳುವೆಂದರೆ ಪಕ್ಕದ ಮನೆಯ ಒಗ್ಗರಣೆ ಸಿಡಿದರೆ ನಾನು ಬೆಚ್ಚುತ್ತೇನೆ. ನಮ್ಮಲ್ಲಿ ನೆಲ ಕಪ್ಪಗೆ, ಚಪ್ಪಟೆಯಾಗಿ, ಕಣ್ಣು ಹಾಯುವವರೆಗೂ ಇರುತ್ತದೆ. ಇಲ್ಲಿ ಕಣ್ಣಿಗೆ ಅಡ್ಡವಾಗಿ ಬೂದುಬಣ್ಣದ ಗುಡ್ಡಗಳಿವೆ. ಅವು ಗುಡ್ಡಗಳೂ ಅಲ್ಲ. ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಉಳಿದ ಹುಡಿ. ಸೈನೈಡ್ ದಿಬ್ಬ ಎಂದು ಹೆಸರು. ಗಾಳಿ ಬೀಸಿದ ದಿನ ತೊಳೆದಿಟ್ಟ ತಟ್ಟೆಯನ್ನು ಉಣ್ಣುವ ಮೊದಲು ಮತ್ತೆ ತೊಳೆಯಬೇಕು. ಮೊದಲ ವಾರ ಅದು ಗೊತ್ತಿಲ್ಲದೆ ನಾನು ಅನ್ನದ ಜೊತೆ ಆ ಹುಡಿಯನ್ನೂ ತಿಂದೆ.

ಮನೆಯೊಡತಿ ಕಸ್ತೂರಿ ಅಕ್ಕನ ತಂದೆ ಗಣಿಯೊಳಗೆ ದುಡಿದವರು. ಅಕ್ಕ ನನ್ನೊಡನೆ ಕನ್ನಡ, ಮಗಳೊಡನೆ ತಮಿಳು, ತರಕಾರಿಯವಳೊಡನೆ ತೆಲುಗು ಆಡುತ್ತಾರೆ. ಮೂವರೂ ಎದುರಿಗಿದ್ದರೆ ಒಂದೇ ಮಾತಿನಲ್ಲಿ ಮೂರೂ ಇರುತ್ತವೆ. ನನ್ನ ಕೆಲಸ ಏನೆಂದು ಕೇಳಿದ ದಿನ ಅವರು "ಪೈತ್ಯಂ ಹಿಡಿದೋರ ಮನೆಗೆ ಒಬ್ಳೇ ಓಗ್ತೀಯಾ?" ಅಂದರು. ಪೈತ್ಯಂ ಎಂದರೆ ತಮಿಳಿನಲ್ಲಿ ಹುಚ್ಚು. ಆ ಪದ ಬಳಸಬಾರದೆಂದು ನಮಗೆ ತರಬೇತಿಯಲ್ಲಿ ಹೇಳಿದ್ದಾರೆ. ಅಕ್ಕನಿಗೆ ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಹೌದು ಅಂದೆ.

ಅಮ್ಮ ದಿನಾ ಸಂಜೆ ಫೋನ್ ಮಾಡಿ ಊಟದ ಬಗ್ಗೆಯೇ ಕೇಳುತ್ತಾಳೆ. ರೊಟ್ಟಿ ಸಿಗುತ್ತದೆಯೇ ಎನ್ನುವುದು ಅವಳ ಚಿಂತೆ. ಸಿಗುವುದಿಲ್ಲ. ನಮ್ಮ ರೊಟ್ಟಿಯನ್ನು ಅಗಿದು ತಿನ್ನಬೇಕು, ಸಪ್ಪಳವಾಗಬೇಕು. ಇಲ್ಲಿನ ರಾಗಿಮುದ್ದೆಯನ್ನು ಅಗಿಯಬಾರದು. ಮುರಿದು, ಸಾರಿನಲ್ಲಿ ಹೊರಳಿಸಿ, ಹಾಗೇ ನುಂಗಬೇಕು. ನನ್ನ ಗಂಟಲು ಮೂರು ವಾರ ಒಪ್ಪಲಿಲ್ಲ. ನಾಲ್ಕನೆಯ ವಾರ ಬಂಗಾರಪೇಟೆ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಅರ್ಧ ಮುದ್ದೆ ಇಳಿಯಿತು. ಆ ಸಂಜೆ ಅಮ್ಮನಿಗೆ ಹೇಳಿದ್ದು ಅದೊಂದೇ. ಉಳಿದ ಯಾವುದನ್ನೂ ಹೇಳುವುದಿಲ್ಲ.

ವಾರದಲ್ಲಿ ಎರಡು ದಿನ ಮಾರಿಕುಪ್ಪಂನಿಂದ ರೈಲು ಹಿಡಿದು ಬಂಗಾರಪೇಟೆಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಕಾಮಸಮುದ್ರದ ಕಡೆ ಹೋಗುತ್ತೇನೆ. ಹೀಗೆ ಪರಿಚಯವಾದವರು ಮುನಿರಾಜು ಮತ್ತು ಅವರ ತಾಯಿ ವೆಂಕಟಮ್ಮ. ಹೆಸರುಗಳನ್ನು ಬದಲಿಸಿದ್ದೇನೆ, ಬರೆಯಲು ಇಬ್ಬರ ಒಪ್ಪಿಗೆಯನ್ನೂ ಬೇರೆ ಬೇರೆಯಾಗಿ ಕೇಳಿದ್ದೇನೆ.

ಮುನಿರಾಜುಗೆ ಮೂವತ್ತೊಂದು ವರ್ಷ. ಆರು ವರ್ಷದ ಹಿಂದೆ ಅವರಿಗೆ ದನಿಗಳು ಕೇಳತೊಡಗಿದವು. ಊರಿನವರೆಲ್ಲ ಸೇರಿ ತಮಗೆ ವಿಷ ಹಾಕುತ್ತಾರೆಂದು ನಂಬಿ ಮನೆ ಬಿಟ್ಟು ಹೋಗಿದ್ದರು. ಸಿಕ್ಕಿದ ಮೇಲೆ ಆಸ್ಪತ್ರೆ, ಮಾತ್ರೆ, ಒಂದು ವರ್ಷದ ನಿದ್ದೆಯಂಥ ಬದುಕು. ಈಗ ಎರಡು ಹಸು ಕರೆಯುತ್ತಾರೆ, ಎರಡು ಹೊತ್ತೂ ಡೈರಿಗೆ ಹಾಲು ಹಾಕುತ್ತಾರೆ. ಗುಣವಾಗುವುದು ಎಂದರೆ ನಿಮ್ಮ ಪಾಲಿಗೆ ಏನು ಎಂಬುದು ನಮ್ಮ ಮುಖ್ಯ ಪ್ರಶ್ನೆ. ಇದಕ್ಕೆ ಯಾರೂ ಪುಸ್ತಕದಲ್ಲಿರುವ ಉತ್ತರ ಕೊಡುವುದಿಲ್ಲ. ಚಾಂಪಿಯನ್ ರೀಫ್ಸ್‌ನ ಒಬ್ಬಾಕೆ, ತಂಗಿ ತನ್ನ ಕೂಸನ್ನು ಎತ್ತಿಕೊಳ್ಳಲು ಕೊಟ್ಟ ದಿನ ಗುಣವಾದೆ ಎಂದರು. ಮುನಿರಾಜು ಯೋಚಿಸದೆ ಹೇಳಿದರು:

"ಮಾತ್ರೆ ಬುಟ್ಟು ಒಂದೂವರೆ ವರ್ಸ ಆಯ್ತು ಮೇಡಂ. ಆದ್ರೂ ಸೆನ್ನಾಗಿದೀನಿ. ನನ್ ತಲೆ ನಂದೇ ಆಗೈತೆ. ಬರ್ಕಳಿ."

ಬರೆದುಕೊಂಡೆ. ಆಮೇಲೆ ನೀರಿಗೆಂದು ಒಳಗೆ ಹೋದೆ. ಅಲ್ಲಿ ವೆಂಕಟಮ್ಮನ ಕೈಯಲ್ಲಿ ಆ ಎರಡು ಚಮಚಗಳಿದ್ದವು. ಅವರು ಪುಡಿಯನ್ನು ಒದ್ದೆ ಅಂಗೈಗೆ ಸುರಿದುಕೊಂಡು ಮುದ್ದೆ ಉಂಡೆ ಕಟ್ಟುತ್ತ, ತುಟಿ ಅಲುಗಿತೋ ಇಲ್ಲವೋ ಎಂಬಂತೆ ಹೇಳಿದರು: "ಅವ್ನಿಗೆ ಏಳ್ಬ್ಯಾಡ ಕಣಮ್ಮ. ಏಳಿದ್ರೆ ಅನ್ನಾನೇ ಬುಟ್ಬುಡ್ತಾನೆ."

ಹಳೆಯ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ತಾವೇ ತರುತ್ತಿದ್ದರಂತೆ. ಅವರ ಹೆದರಿಕೆ ಸುಳ್ಳಲ್ಲ. ಅನ್ನದಲ್ಲಿ ವಿಷವಿದೆ ಎಂದು ಒಮ್ಮೆ ನಂಬಿದ್ದ ಮಗ, ಅನ್ನದಲ್ಲಿ ನಿಜಕ್ಕೂ ಏನೋ ಇದೆ ಎಂದು ತಿಳಿದರೆ ಏನಾಗಬಹುದು. ಅದನ್ನು ಹೆಸರಿಸಲೂ ನನಗೆ ಭಯ. ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಮುನಿರಾಜುವಿನದೇ ಮಾತಿತ್ತು, ನನ್ನ ತಲೆ ನನ್ನದೇ ಆಗಿದೆ ಎಂದು. ಅದು ನಿಜವಲ್ಲ ಎಂದು ತಿಳಿದೂ ಅವರೆದುರು ತಲೆಯಾಡಿಸಿ ಬಂದೆ.

ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ದಿನ ನಮ್ಮ ಅಧ್ಯಯನದ ಮೇಲ್ವಿಚಾರಕಿಗೆ ಫೋನ್ ಮಾಡಿದೆ. ಇಷ್ಟು ತಡಮಾಡಿದ್ದೇಕೆ ಎಂದು ಮೊದಲು ಕೇಳಿದರು. ನಂತರ, ಇದು ಅನೇಕ ಮನೆಗಳಲ್ಲಿ ನಡೆಯುತ್ತದೆ, ತಾಯಿಯನ್ನು ಬೈಯಬೇಡಿ, ಆದರೆ ಮುಚ್ಚಿಡುವುದರಲ್ಲಿ ನೀವೂ ಸೇರಬೇಡಿ ಎಂದರು. ಪ್ರತಿ ಗುರುವಾರ ಬಂಗಾರಪೇಟೆಯ ಆಸ್ಪತ್ರೆಗೆ ಒಬ್ಬ ಮನೋವೈದ್ಯೆ ಬರುತ್ತಾರೆ. ಅವರೆದುರು ತಾಯಿಯೇ ಮಗನಿಗೆ ಹೇಳುವಂತೆ ಒಪ್ಪಿಸಿ ಎಂದರು. ಮುಂದಿನ ಬುಧವಾರ ನಾನು ಆ ಕೆಲಸಕ್ಕೇ ಹೋದದ್ದು. ಬಸ್ಸಿನಲ್ಲಿ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ನನ್ನ ಕನ್ನಡದಲ್ಲಿ ಅವು ಸರಿಯಾಗಿದ್ದವು. ವೆಂಕಟಮ್ಮನ ಎದುರು ಹೇಗೆ ಕೇಳಿಸುತ್ತವೋ ಗೊತ್ತಿರಲಿಲ್ಲ.

ತಲುಪಿದಾಗ ಊಟದ ಹೊತ್ತು. ಮಗ ಕೈ ತೊಳೆಯಲು ಹೊರಗೆ ಹೋದಾಗ ವೆಂಕಟಮ್ಮನಿಗೆ ಮೆಲ್ಲಗೆ ವಿಷಯ ಹೇಳಿದೆ. ಅವರು ಮಗನ ಜಾಗಕ್ಕೆ ಮುದ್ದೆ, ಹುರುಳಿಕಾಳು ಸಾರು ಬಡಿಸಿದ ತಟ್ಟೆ ತಂದಿಟ್ಟು, ನನಗೆ ಅನ್ನ ತರಲು ಒಳಗೆ ಹೋದರು. ರೊಟ್ಟಿಯವರಿಗೆ ಮುದ್ದೆ ಇಳಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಮುನಿರಾಜು ಬಂದರು. ತಮ್ಮ ತಟ್ಟೆ ನೋಡಿದರು, ಬರಿಗೈಯಲ್ಲಿ ಕೂತಿದ್ದ ನನ್ನನ್ನು ನೋಡಿದರು. ಈ ಸೀಮೆಯಲ್ಲಿ ಮನೆಗೆ ಬಂದವರಿಗೆ ಇಡದೆ ಮನೆಯವರು ಉಣ್ಣುವುದಿಲ್ಲ. ತಟ್ಟೆಯನ್ನು ಎತ್ತಿ ನನ್ನ ಮುಂದೆ ಇಟ್ಟರು.

ನಾನು ತಟ್ಟೆಯನ್ನು ನೋಡುತ್ತ ಕೂತೆ. ಅವರು ಅದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡರು. ನಮ್ಮ ಮನೆಯಲ್ಲಿ ಯಾರೂ ನೀರೂ ಮುಟ್ಟುವುದಿಲ್ಲ, ಮೊದಲು ನನ್ನ ಕಾಯಿಲೆಗೆ ಹೆದರುತ್ತಿದ್ದರು, ಈಗ ಅಭ್ಯಾಸವಾಗಿದೆ ಎಂದರು. ಆಶಾ ಕಾರ್ಯಕರ್ತೆಗೆ ಈ ಮನೆಗೆ ಬಂದ ದಿನವೆಲ್ಲ ಉಪವಾಸವಂತೆ. ವರ್ಷಕ್ಕೆ ಅಷ್ಟು ಉಪವಾಸ ಮಾಡಿದವರು ಸೀದಾ ಸ್ವರ್ಗಕ್ಕೇ ಹೋಗುತ್ತಾರೆ ಎಂದು ನಕ್ಕರು. ಹಾಗೆ ನಗುತ್ತ ನನ್ನ ಕೈಯನ್ನೇ ನೋಡುತ್ತಿದ್ದರು.

ಉಣ್ಣದಿದ್ದರೆ ನಾನೂ ಆ ಹೆದರುವವರಲ್ಲೊಬ್ಬಳು. ಉಂಡರೆ ಮುನಿರಾಜುವಿನ ಮಾತ್ರೆ ನನ್ನ ಹೊಟ್ಟೆಗೆ, ತಾಯಿಯ ಗುಟ್ಟು ನನ್ನ ಬಾಯಿಗೆ. ಎದ್ದು ಹೋಗಲು ಕಾರಣ ಹುಡುಕಿದೆ, ಒಂದೂ ಹೊಳೆಯಲಿಲ್ಲ. ಮುದ್ದೆ ಮುರಿದೆ.

"ಅಗೀಬ್ಯಾಡಿ ಮೇಡಂ," ಅಂದರು ಮುನಿರಾಜು. "ಅಲ್ಲು ಊರಲ್ಲೇ ಬುಟ್ಟು ಬಂದಿದೀನಿ ಅನ್ಕಂಡು ನುಂಗಿ."

ಒಂದು ತುತ್ತು ನುಂಗಿದೆ. ಎರಡನೆಯದಕ್ಕೆ ಕೈ ಹಾಕಿದಾಗ ವೆಂಕಟಮ್ಮ ಅನ್ನದ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಅಲ್ಲೇ ನಿಂತರು. ಅವರು ಸುಮ್ಮನಿರಬಹುದಿತ್ತು. ನಾನು ಉಂಡು ಹೋಗಿದ್ದರೆ ಮರುದಿನವೂ ಎಲ್ಲ ಮೊದಲಿನಂತೆ ನಡೆಯುತ್ತಿತ್ತು. ಅವರು ಬಂದು ನನ್ನ ಮಣಿಕಟ್ಟು ಹಿಡಿದರು.

"ತಿನ್ಬ್ಯಾಡ ತಾಯಿ," ಅಂದರು. "ಬೇರೆಯೋರ ಮಗಳು ನೀನು."

ತಟ್ಟೆಯನ್ನು ತೆಗೆದುಕೊಂಡರು. ಮುನಿರಾಜು ತಾಯಿಯ ಮುಖವನ್ನು ನೋಡಿದರು, ತಟ್ಟೆಯನ್ನು ನೋಡಿದರು. ದನಿ ಏರಿಸಲಿಲ್ಲ.

"ಅದ್ರಾಗೆ ಏನೈತೆ?"

ವೆಂಕಟಮ್ಮ ತಟ್ಟೆಯನ್ನು ಬೆನ್ನ ಹಿಂದೆ ಹಿಡಿದರು. ಮಾತ್ರೆ, ಎಂದು ನಾನು ಹೇಳಿದೆ. ಆಸ್ಪತ್ರೆಯಲ್ಲಿ ಕೊಡುತ್ತಿದ್ದ ಅದೇ ಮಾತ್ರೆ, ಬೇರೇನೂ ಅಲ್ಲ.

"ನಿಮ್ಗೂ ಗೊತ್ತಿತ್ತಾ?"

"ಗೊತ್ತಿತ್ತು."

ಮುನಿರಾಜು ಎದ್ದು ನಿಂತರು. ಆಮೇಲೆ ನನ್ನ ಚೀಲದ ಕಡೆ ಕೈ ತೋರಿಸಿ, "ಅವತ್ತು ನಾನು ಏಳಿದ್ದು ಬರ್ಕಂಡ್ರಲ್ಲ, ಅದನ್ನ ಒಡ್ದಾಕಿ" ಅಂದರು. ಹೊಡೆದುಹಾಕುವವರೆಗೆ ನಿಂತು ನೋಡಿದರು. ನಂತರ ಕೊಟ್ಟಿಗೆಗೆ ಹೋದರು. ಊಟ ಮಾಡಲಿಲ್ಲ.

ಬಸ್ಸು, ರೈಲು, ಮನೆ. ದಾರಿಯುದ್ದಕ್ಕೂ ನನ್ನ ದವಡೆಯನ್ನೇ ಗಮನಿಸುತ್ತಿದ್ದೆ. ಆ ಗುಂಪಿನ ಮಾತ್ರೆಗಳು ಕೆಲವರ ದವಡೆ ಬಿಗಿಸುತ್ತವೆ, ನಿದ್ದೆ ತರಿಸುತ್ತವೆ. ಒಂದು ತುತ್ತಿನಲ್ಲಿ ಎಷ್ಟಿತ್ತು, ಇತ್ತೋ ಇಲ್ಲವೋ ಗೊತ್ತಿಲ್ಲ. ಮೇಲ್ವಿಚಾರಕಿ ಫೋನಿನಲ್ಲಿ ಎಲ್ಲ ಕೇಳಿ, ಒಬ್ಬಳೇ ಇರಬೇಡಿ ಎಂದರು. ಕಸ್ತೂರಿ ಅಕ್ಕನ ಮನೆಯ ಹೊಸ್ತಿಲ ಮೇಲೆ ಕೂತೆ. ಮೈ ಜಡವಾಗಿತ್ತು, ಅದು ಔಷಧಿಯೋ ಹೆದರಿಕೆಯೋ ತಿಳಿಯಲಿಲ್ಲ. ಮುನಿರಾಜು ವರ್ಷಗಟ್ಟಲೆ ಇಂಥ ಮೈಯೊಳಗೆ ಇದ್ದರು, ತಮ್ಮದು ಯಾವುದು, ಹೊರಗಿನಿಂದ ಬಂದದ್ದು ಯಾವುದು ಎಂದು ತಿಳಿಯದೆ. ಇದನ್ನು ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ. ಅಮ್ಮ ಫೋನ್ ಮಾಡಿ ಊಟ ಆತೇನವ್ವಾ ಎಂದಳು. ಆಯಿತು ಎಂದೆ. ಯಾರ ತಟ್ಟೆಯಲ್ಲಿ ಎಂದು ಹೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ವೆಂಕಟಮ್ಮನ ಫೋನ್ ಬಂತು. ಮಗ ಹಾಲು ಹಾಕಿ ಬಂದ, ತಾನೇ ಒಲೆ ಹಚ್ಚಿ ಮುದ್ದೆ ತಿರುವಿಕೊಂಡ, ತಮ್ಮನ್ನು ಅಡುಗೆಮನೆಗೆ ಸೇರಿಸಲಿಲ್ಲ ಎಂದು ಅತ್ತರು. ಅಷ್ಟರಲ್ಲಿ ಮುನಿರಾಜುವೇ ಫೋನ್ ಇಸಿದುಕೊಂಡರು.

"ನಾಳೆ ಡಾಕ್ಟ್ರು ಬತ್ತಾರಂತಲ್ಲ. ನಾನೇ ಓಗ್ತೀನಿ. ಯಾವ ಮಾತ್ರೆ, ಎಷ್ಟು, ಯಾಕೆ, ನಾನೇ ಕೇಳ್ತೀನಿ. ಅಮ್ಮ ಒಳಕ್ಕೆ ಬರ್ಕೂಡ್ದು. ನೀವೂ ಬರ್ಕೂಡ್ದು."

ಹೊರಗೆ ಕೂರಬಹುದೇ ಎಂದು ಕೇಳಿದೆ. ಫೋನ್ ಇಟ್ಟರು. ಬೇಡ ಎಂದಿರಲಿಲ್ಲ.

ಮರುದಿನ ಬೆಳಗ್ಗೆ ಮಾರಿಕುಪ್ಪಂನಿಂದ ಹೊರಟ ರೈಲಿನಲ್ಲಿ ಎಲ್ಲರೂ ಬೆಂಗಳೂರಿಗೆ ಹೋಗುವವರು. ಬಂಗಾರಪೇಟೆಯಲ್ಲಿ ನಾನು ಇಳಿದೆ. ಆಸ್ಪತ್ರೆ ತಲುಪಿದಾಗ ಮುನಿರಾಜು ಆಗಲೇ ಡಾಕ್ಟರ ಕೋಣೆಯೊಳಗೆ ಹೋಗಿದ್ದರು, ಬಾಗಿಲು ಮುಚ್ಚಿತ್ತು. ಹೊರಗಿನ ಬೆಂಚಿನ ತುದಿಯಲ್ಲಿ ವೆಂಕಟಮ್ಮ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ಅವರು ಸರಿದು ಜಾಗ ಮಾಡಲಿಲ್ಲ, ಎದ್ದು ಹೋಗಲೂ ಇಲ್ಲ. ಆಯಾ ಬಂದು ನೀವು ಯಾರ ಕಡೆಯವರು ಎಂದು ನನ್ನನ್ನು ಕೇಳಿದರು. ಗದಗಿನಲ್ಲಾದರೆ ಇಂಥವರ ಮಗಳು ಎಂದು ಒಂದು ಹೆಸರು ಹೇಳಿದರೆ ಸಾಕಿತ್ತು. ಈಗ ಅಲ್ಲಿಗೆ ಹೋದರೆ ಆ ಹೆಸರಿನ ಹುಡುಗಿ ನಾನೇ ಎಂದು ಅಷ್ಟು ಸಲೀಸಾಗಿ ಹೇಳಬಲ್ಲೆನೇ ಗೊತ್ತಿಲ್ಲ. ಇಲ್ಲಿ ನಾನು ರೋಗಿಯ ಕಡೆಯವಳಲ್ಲ, ಡಾಕ್ಟರ ಕಡೆಯವಳೂ ಅಲ್ಲ. ಉತ್ತರಕ್ಕೆ ಕಾಯದೆ ಆಯಾ ಮುಂದೆ ಹೋದರು.

ಬಾಗಿಲು ತೆರೆಯಿತು. ಮುನಿರಾಜು ಒಂದು ಚೀಟಿ ಹಿಡಿದು ಬಂದರು. ನಮ್ಮನ್ನು ನೋಡಿದರು, ಕಾಣದವರಂತೆ ಅಲ್ಲ, ಆದರೆ ನಿಲ್ಲಲಿಲ್ಲ. ಔಷಧಿ ಕೊಡುವ ಕಿಟಕಿಯ ಎದುರು ಸಾಲಿನಲ್ಲಿ ಹೋಗಿ ನಿಂತರು. ಅವರ ಮುಂದೆ ಆರು ಜನ. ಚೀಟಿಯಲ್ಲಿ ಏನಿದೆ, ಸಾಲು ಮುಗಿಯುವವರೆಗೆ ಅವರು ನಿಲ್ಲುತ್ತಾರೋ, ನಡುವೆ ಬಿಟ್ಟು ಹೋಗುತ್ತಾರೋ, ನಮಗೆ ತಿಳಿಯುವಂತಿರಲಿಲ್ಲ. ವೆಂಕಟಮ್ಮ ಸೆರಗು ಸರಿಮಾಡಿಕೊಂಡು ಅವರ ಹಿಂದೆ ಹೋಗಲು ಎದ್ದರು.

ನಾನು ಅವರ ಕೈ ಹಿಡಿದು ಕೂರಿಸಿದೆ.