ಟಿ.ವಿ. ಪಾಯಿಂಟು ಕೊಡದೆ ಹೋದವರು

ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಕಂಡವರ ತಪ್ಪಿಗೆಲ್ಲ ಕೆಂಪು ಗೀಟು ಎಳೆದು ರೂಢಿಯಾದ ಕೈ ನನ್ನದು. ನನ್ನದೇ ತಪ್ಪಿಗೆ ಗೀಟು ಎಳೆದುಕೊಂಡದ್ದು ಕಡಿಮೆ. ಹಾಗೆ ಎಳೆದುಕೊಳ್ಳಬೇಕಾಗಿ ಬಂದ ಒಂದು ಭಾನುವಾರದ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ದಿನವನ್ನು ನೆನೆದರೆ ಈಗಲೂ ಮೊದಲು ನಾಚಿಕೆಯಾಗುತ್ತದೆ, ಆಮೇಲೆ ಇಬ್ಬರಿಗೆ ಕೈಮುಗಿಯಬೇಕೆನಿಸುತ್ತದೆ.

ಹೆಬ್ಬಾಳದಿಂದಾಚೆಗೆ ಏರ್‌ಪೋರ್ಟ್ ರಸ್ತೆಯ ಮೇಲ್ಸೇತುವೆ ಆಗಷ್ಟೇ ಓಡಾಟಕ್ಕೆ ತೆರೆದಿತ್ತು. ಅಲ್ಲಾಳಸಂದ್ರದ ಕೆರೆಯ ಹತ್ತಿರ ನಮ್ಮದು ಮಾವ ಕಟ್ಟಿಸಿದ ಹಳೆಯ ಮನೆ. ಮಾವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಅತ್ತೆ, ನಾನು, ನನ್ನ ಗಂಡ, ಮೂರನೇ ಕ್ಲಾಸಿನ ಮಗಳು. ಒಂದು ಶುಕ್ರವಾರ ಗಂಡ ಗೋಡೆಗೆ ಹಾಕುವಂಥ ದೊಡ್ಡ ಟಿ.ವಿ. ತಂದರು. ನಮ್ಮ ಹಾಲಿನಲ್ಲಿ ಪ್ಲಗ್ ಇದ್ದದ್ದು ನೆಲದಿಂದ ಒಂದು ಗೇಣು ಮೇಲೆ. ಟಿ.ವಿ.ಯಿಂದ ಅಲ್ಲಿಯ ತನಕ ಕರೀ ವೈರು ಜೋತುಬಿದ್ದಿರುವುದನ್ನು ಬೇರೆಯವರ ಮನೆಗಳಲ್ಲಿ ಕಂಡರೇ ನನಗೆ ಮೈ ಉರಿಯುತ್ತಿತ್ತು. ನಮ್ಮ ಮನೆಯಲ್ಲಿ ಹಾಗಾಗಕೂಡದು, ಟಿ.ವಿ.ಯ ಬೆನ್ನ ಹಿಂದೆಯೇ ಒಂದು ಪಾಯಿಂಟು ಬರಬೇಕು ಎಂದು ಹಟ ಹಿಡಿದೆ. ಟಿ.ವಿ. ಕೂರಿಸುವವನು ಭಾನುವಾರ ಸಂಜೆ ನಾಲ್ಕಕ್ಕೆ ಬರುವುದಿತ್ತು. ಅಷ್ಟರೊಳಗೆ ಪಾಯಿಂಟು ಆಗಲಿ ಎಂದು ಬೆಳಿಗ್ಗೆಗೇ ಕೊಡಿಗೇಹಳ್ಳಿಯಿಂದ ಒಬ್ಬ ವೈರ್‌ಮನ್ನನ್ನು ಕರೆಸಿದೆವು.

ಬಂದವರಿಗೆ ಐವತ್ತು ದಾಟಿತ್ತು. ಕೊಡಿಗೇಹಳ್ಳಿ ಹಳ್ಳಿಯಾಗಿಯೇ ಇದ್ದ ಕಾಲದ ಮನೆತನದವರು. ಹೊಲಗಳಲ್ಲಿ ಕಟ್ಟಡ ಎದ್ದ ಮೇಲೆ ವೈರಿಂಗ್ ಕಲಿತರಂತೆ. ಹೊಸಿಲ ಹೊರಗೆ ಚಪ್ಪಲಿ ಬಿಟ್ಟರು. ಆಮೇಲೆ ಚೀಲದಿಂದ ಪೇಪರಿನಲ್ಲಿ ಸುತ್ತಿಟ್ಟಿದ್ದ, ತೊಳೆದ ರಬ್ಬರ್ ಚಪ್ಪಲಿ ತೆಗೆದು ಮೆಟ್ಟಿಕೊಂಡರು. "ತಪ್ಪು ತಿಳೀಬೇಡಿ ಅಮ್ಮ. ಕರೆಂಟ್ ಕೆಲ್ಸ, ಬರಿಗಾಲಲ್ಲಿ ಮಾಡಾಕಿಲ್ಲ" ಎಂದರು. ನಾನು ಅಡುಗೆಮನೆಯ ಕಡೆ ನೋಡಿದೆ. ಅತ್ತೆಗೆ ಮನೆಯೊಳಗೆ ಚಪ್ಪಲಿ ಎಂದರೆ ಆಗದು. ಹಿಮ್ಮಡಿ ನೋವೆಂದು ನಾನು ಹಾಕಿಕೊಳ್ಳುತ್ತಿದ್ದ ಚಪ್ಪಲಿಯನ್ನೇ ಅವರು ಎರಡು ವರ್ಷದಿಂದ ಹಲ್ಲು ಕಚ್ಚಿ ಸಹಿಸಿಕೊಂಡಿದ್ದರು. ಪುಣ್ಯಕ್ಕೆ ಏನೂ ಅನ್ನಲಿಲ್ಲ.

ವೈರ್‌ಮನ್ ಸುತ್ತಿಗೆ ಉಳಿ ತೆಗೆಯುತ್ತಾರೆಂದು ನಾನು ಕಾದರೆ, ಅವರು ತೆಗೆದದ್ದು ಎರಡು ವೈರು ಕಟ್ಟಿದ ಒಂದು ಬಲ್ಬು. ಹಳೆಯ ಪ್ಲಗ್ಗಿನ ಕೆಳಗಿನ ಎರಡು ತೂತಿಗೆ ವೈರು ಕೊಟ್ಟರು, ಬಲ್ಬು ಹತ್ತಿತು. ಒಂದು ವೈರನ್ನು ಮೇಲಿನ ದೊಡ್ಡ ತೂತಿಗೆ ಬದಲಿಸಿದರು. ಹತ್ತಲಿಲ್ಲ. ಅಡುಗೆಮನೆಯ ಪ್ಲಗ್ಗಿನಲ್ಲಿ ನೋಡಿದರು, ಅಲ್ಲಿಯೂ ಅದೇ ಕಥೆ. ಬಲ್ಬನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡರು.

"ಪಾಯಿಂಟ್ ಕೊಡಾಕಾಗಲ್ಲ ಅಮ್ಮ. ಮನೇಗೆ ಅರ್ತ್ ಇಲ್ಲ."

"ಹಾಗಂದ್ರೆ?"

"ಕರೆಂಟು ದಾರಿ ತಪ್ಪಿದ್ರೆ ಮಣ್ಣಿಗೆ ಇಳ್ದೋಗಾಕೆ ಒಂದು ವೈರ್ ಇರ್ತದೆ. ನಿಮ್ಮನೇಲಿ ಅದು ಸತ್ತೋಗೈತೆ. ಅದನ್ನ ಸರಿ ಮಾಡ್ದೆ ನಾನು ಒಸ ಪಾಯಿಂಟ್ ಕೊಡಾಕಿಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. ಇವರು ಕೆಲಸ ಬೆಳೆಸುತ್ತಿದ್ದಾರೆ ಎನ್ನಿಸಿತು. "ಇಷ್ಟು ವರ್ಷ ಹಳೇ ಟಿ.ವಿ. ಇದೇ ಪ್ಲಗ್ಗಲ್ಲಿ ಓಡ್ತಲ್ಲ, ನಾವೇನು ಸತ್ತುಹೋದ್ವಾ? ಒಂದು ಪಾಯಿಂಟ್ ಕೊಡಿ ಅಂದ್ರೆ ಇಡೀ ಮನೆ ವೈರಿಂಗ್ ಬಿಚ್ಚೋಕೆ ನಿಂತಿದೀರಲ್ಲ ನೀವು" ಎಂದೆ. ಕ್ಲಾಸಿನಲ್ಲಿ ಕೊನೇ ಬೆಂಚಿಗೆ ಕೇಳಿಸುವಷ್ಟು ಜೋರಾಗಿಯೇ ಎಂದೆ. ಗಂಡ ಟವೆಲ್ ಹೆಗಲಿಗೆ ಹಾಕಿಕೊಂಡು ಕ್ಯಾಲೆಂಡರ್ ನೋಡುವವರ ಹಾಗೆ ಗೋಡೆಯ ಕಡೆ ತಿರುಗಿಕೊಂಡರು.

ವೈರ್‌ಮನ್ ಮುಖದಲ್ಲಿ ಸಿಟ್ಟೇನೂ ಕಾಣಲಿಲ್ಲ. "ಒಂದು ಮಾತು ಏಳಿ ಅಮ್ಮ. ನಿಮ್ಮನೇಲಿ ಯಾರಿಗಾದ್ರೂ ನಲ್ಲಿ ಮುಟ್ಟಿದ್ರೆ ಕೈ ಜುಮ್ ಅಂತದಾ?"

"ಇಲ್ಲ" ಎಂದೆ ನಾನು.

"ನನಗೆ ಅನ್ನತ್ತೆ" ಎಂದರು ಅತ್ತೆ, ಅಡುಗೆಮನೆಯ ಬಾಗಿಲಲ್ಲಿ ನಿಂತು.

ಅವರು ಅದನ್ನು ಹೇಳಿದ್ದು ಅದೇ ಮೊದಲಲ್ಲ. ನಾಲ್ಕು ತಿಂಗಳ ಹಿಂದೆ, ಸಂಕ್ರಾಂತಿಯ ಹೊತ್ತಿಗೇ, "ನಲ್ಲಿ ಮುಟ್ಟಿದ್ರೆ ಕೈ ಜುಮ್ ಅನ್ನತ್ತೆ ಕಣೇ" ಎಂದು ನನಗೆ ಹೇಳಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ನರದ ತೊಂದರೆ ಇರಬೇಕೆಂದು ನಾನೇ ತೀರ್ಮಾನಿಸಿದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ಅತ್ತೆ ಬಾಯಿ ತೆರೆಯುವ ಮೊದಲೇ ನಾನು, "ಬೆಳಿಗ್ಗೆ ಹೊತ್ತು ಕೈ ಜುಮ್ ಅನ್ನತ್ತಂತೆ ಡಾಕ್ಟ್ರೇ" ಎಂದುಬಿಟ್ಟೆ. ನಲ್ಲಿಯ ಮಾತನ್ನು ಬಿಟ್ಟೆ. ಅದು ಮುದುಕಿಯ ಭ್ರಮೆ, ಡಾಕ್ಟರ ಸಮಯ ಹಾಳು ಎಂದುಕೊಂಡೆ. ಡಾಕ್ಟರು ಕೇಳಿಸಿಕೊಂಡಷ್ಟಕ್ಕೆ ನರಕ್ಕೆ ಶಕ್ತಿ ಬರುವ ಮಾತ್ರೆ ಬರೆದುಕೊಟ್ಟರು. ಅವರದೇನೂ ತಪ್ಪಿಲ್ಲ. ಅತ್ತೆ ನಾಲ್ಕು ತಿಂಗಳು ಆ ಮಾತ್ರೆ ನುಂಗಿದ್ದರು. ಜುಮ್ ಎನ್ನುವುದು ನಿಂತಿತೇ ಎಂದು ನಾನು ಕೇಳಿರಲಿಲ್ಲ.

ವೈರ್‌ಮನ್ ಕೇಳಿದರು. ಯಾವ ಹೊತ್ತಿಗೆ, ಯಾವ ನಲ್ಲಿ, ಕೈ ಒದ್ದೆ ಇರುವಾಗಲೋ ಒಣಗಿರುವಾಗಲೋ, ಕಾಲಲ್ಲಿ ಏನಿರುತ್ತೆ ಎಂದೆಲ್ಲ ಒಂದೊಂದಾಗಿ ಕೇಳಿದರು. ಅತ್ತೆ ಒಂದೊಂದಕ್ಕೂ ಉತ್ತರ ಹೇಳಿದರು. ಅಷ್ಟು ಗಮನವಿಟ್ಟು ಅವರ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಹಳ ದಿನಗಳಿಂದ ಕೇಳಿರಲಿಲ್ಲ. ಆಮೇಲೆ ವೈರ್‌ಮನ್ ಸಿಂಕಿನ ನಲ್ಲಿಗೆ ಟೆಸ್ಟರ್ ಮುಟ್ಟಿಸಿದರು. ಒಳಗಿನ ಪುಟ್ಟ ದೀಪ ಕೆಂಪಗೆ ಹತ್ತಿತು.

"ಗೀಸರ್ ಆನ್ ಆಗೈತಾ?"

ಆಗಿತ್ತು. ಗಂಡನ ಸ್ನಾನಕ್ಕೆ ನೀರು ಕಾಯುತ್ತಿತ್ತು. ಆಫ್ ಮಾಡಿಸಿದರು, ದೀಪ ಆರಿತು. ಆನ್ ಮಾಡಿಸಿದರು, ಹತ್ತಿತು. ನನಗೆ ಅರ್ಥವಾಗಲಿ ಎಂದೋ ಏನೋ, ಇನ್ನೊಂದು ಸಲ ಮಾಡಿಸಿ ತೋರಿಸಿದರು. ಗೀಸರಿನ ಕಾಯಿಲ್ ತೂತು ಬಿದ್ದು ಕರೆಂಟು ನೀರಿಗೆ, ನೀರಿನಿಂದ ಹಳೆಯ ಕಬ್ಬಿಣದ ಪೈಪಿಗೆ ಬರುತ್ತಿತ್ತು. ಮಣ್ಣಿಗೆ ಇಳಿಯಲು ದಾರಿ ಇಲ್ಲದೆ ನಲ್ಲಿಯಲ್ಲೇ ಕಾಯುತ್ತಿತ್ತು. ಸ್ನಾನಕ್ಕೆ ಹೋಗುವ ಮೊದಲು ಗೀಸರ್ ಆರಿಸುವುದು ನಮ್ಮನೆ ಪದ್ಧತಿ, ಹಾಗಾಗಿ ಬಚ್ಚಲಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಅಡುಗೆಮನೆಯಲ್ಲಿ ನನ್ನ ಕಾಲಲ್ಲಿ ಚಪ್ಪಲಿ. ನಮ್ಮೆಲ್ಲರ ನೀರು ಕಾಯುವ ಹೊತ್ತಿಗೆ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಅಕ್ಕಿ ತೊಳೆಯುತ್ತಿದ್ದವರು ಅತ್ತೆ ಒಬ್ಬರೇ. ಮಕ್ಕಳಿಗೆ ಲೆಕ್ಕ ಹೇಳಿಕೊಡುವ ನನಗೆ ಇಷ್ಟು ಸಣ್ಣ ಲೆಕ್ಕ ಹೊಳೆದಿರಲಿಲ್ಲ.

"ಇವತ್ತು ಜುಮ್ ಅಂತದೆ" ಎಂದರು ವೈರ್‌ಮನ್. "ಕಾಯಿಲ್ ಪೂರ್ತಿ ಓದ ದಿನ ಜುಮ್ ಅನ್ನಾಕಿಲ್ಲ ಅಮ್ಮ. ಇಡ್ಕೊಂಡ್ಬಿಡ್ತದೆ."

ನಾನೇ ಹೋಗಿ ಗೀಸರ್ ಆರಿಸಿದೆ.

ಮನೆಯ ಅರ್ತ್ ಗುಂಡಿ ಎಲ್ಲಿದೆ ಎಂದು ಅವರು ಕೇಳಿದರು. ಅಂಥದೊಂದು ಇದೆಯೆಂದೇ ನನಗೂ ಗಂಡನಿಗೂ ಗೊತ್ತಿರಲಿಲ್ಲ. ಅತ್ತೆ ನೆಟ್ಟಗೆ ಹೊರಗೆ ನಡೆದು, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ನಿಂತು, "ಇಲ್ಲೇ. ಅವರು ಪ್ರತಿ ಬೇಸಿಗೇಲಿ ಇದಕ್ಕೆ ಒಂದು ಬಕೆಟ್ ನೀರು ಹಾಕ್ತಿದ್ರು" ಎಂದರು. ಅವರು ಎಂದರೆ ಮಾವ. ಈಗ ಅಲ್ಲಿ ಟೈಲ್ಸ್ ಇತ್ತು. ಹಾಕಿಸಿದವಳು ನಾನೇ, ಹಿಂದಿನ ದೀಪಾವಳಿಗೆ. ಗಾರೆಯವನು ಒಂದು ಸಣ್ಣ ಸಿಮೆಂಟ್ ಮುಚ್ಚಳ ತೋರಿಸಿ ಇದೇನು ಎಂದು ಕೇಳಿದ್ದ. ಏನೋ ಹಳೇದು, ಮುಚ್ಚಿಬಿಡಿ ಎಂದಿದ್ದೆ. ಎರಡು ಟೈಲ್ಸ್ ಒಡೆದು ನೋಡಿದರೆ, ಮಣ್ಣಿಗೆ ಇಳಿಯಬೇಕಿದ್ದ ವೈರು ಹಾರೆಯ ಪೆಟ್ಟಿಗೆ ತುಂಡಾಗಿ ಬಿದ್ದಿತ್ತು. ಗಂಡ ನನ್ನ ಕಡೆ ನೋಡದೆ ಇದ್ದದ್ದು ಅವರ ದೊಡ್ಡತನ.

ಇಡೀ ಮಧ್ಯಾಹ್ನ ಆ ಮನುಷ್ಯ ಬಿಸಿಲಲ್ಲಿ ಗುಂಡಿ ತೋಡಿದರು. ಪೈಪು ಇಳಿಸಿ, ಮಣ್ಣಿನ ಪಸೆ ಆರದಿರಲೆಂದು ಸುತ್ತ ಇದ್ದಿಲು, ಉಪ್ಪು ತುಂಬಿದರು. ಅತ್ತೆ ಮೂರು ಸಲ ಮಜ್ಜಿಗೆ ಕೊಟ್ಟು, ಮೆಟ್ಟಿಲ ಮೇಲೆ ಕುಳಿತು ಅವರ ಊರಿನ ಸಮಾಚಾರ ಎಲ್ಲ ಕೇಳಿಕೊಂಡರು. ನಾಲ್ಕಕ್ಕೆ ಬಂದ ಟಿ.ವಿ.ಯವನನ್ನು ನಾನೇ ವಾಪಸ್ಸು ಕಳಿಸಿದೆ. ಸಂಜೆಗೆ ಪ್ಲಗ್ಗಿನ ಮೇಲಿನ ತೂತಿಗೂ ಬಲ್ಬು ಹತ್ತಿತು. ಗೀಸರ್ ಬದಲಾಯಿಸುವ ತನಕ ಅದರ ಸ್ವಿಚ್ ಮುಟ್ಟಬೇಡಿ ಎಂದು ಅದರ ಮೇಲೆ ಕಪ್ಪು ಟೇಪ್ ಸುತ್ತಿದರು.

"ಬೆಳಿಗ್ಗೆ ಜೋರಾಗಿ ಮಾತಾಡಿಬಿಟ್ಟೆ" ಎಂದೆ.

"ಒಸ ಟಿ.ವಿ. ಬಂದ ಮನೇಲಿ ಎಲ್ರೂ ಇಂಗೇ ಅಮ್ಮ" ಎಂದು ನಕ್ಕರು. "ಬುಧವಾರ ಬತ್ತೀನಿ, ನಿಮ್ ಪಾಯಿಂಟ್ ಕೊಡ್ತೀನಿ."

ಮಾತಿನಂತೆ ಬಂದರು, ಗೋಡೆ ಕೊರೆದು ಒಂದೆಳೆ ವೈರೂ ಕಾಣದ ಹಾಗೆ ಪಾಯಿಂಟು ಕೊಟ್ಟರು. ಆದರೆ ನಾನು ಅವರಿಗೆ ಕೃತಜ್ಞಳಾಗಿರುವುದು ಅದನ್ನು ಕೊಡದೆ ಹೋದ ಭಾನುವಾರಕ್ಕೆ.

ಆ ಭಾನುವಾರ ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಅತ್ತೆ ಬೀನ್ಸ್ ಬಿಡಿಸುತ್ತಿದ್ದರು. ಪಕ್ಕದಲ್ಲಿ ಕುಳಿತೆ. "ಡಾಕ್ಟರ ಹತ್ರ ನಾನು ನಲ್ಲಿ ವಿಷ್ಯ ಹೇಳ್ಲೇ ಇಲ್ಲ ಅತ್ತೆ. ತಪ್ಪಾಯ್ತು. ಆಮೇಲಾದ್ರೂ ನೀವು ನನ್ನನ್ನ ಕೂರಿಸಿ ಹೇಳ್ಬಾರ್ದಿತ್ತಾ?"

"ನೀವೆಲ್ಲ ಓದ್ದೋರು, ನರ ಅಂದ್ರಿ. ನರಾನೇ ಇರ್ಬೇಕು ಅಂದ್ಕೊಂಡೆ" ಎಂದರು, ಕೈ ನಿಲ್ಲಿಸದೆ. "ಆದ್ರೂ ಮನಸ್ಸು ಪೂರ್ತಿ ಒಪ್ಲಿಲ್ಲ. ಅದಕ್ಕೇ ಬೆಳಿಗ್ಗೆ ಹೊತ್ತು ಮಗೂಗೆ ನಲ್ಲಿ ಮುಟ್ಟೋಕೆ ಬಿಡ್ತಿರ್ಲಿಲ್ಲ. ಮುಖ ತೊಳ್ಯೋಕೆ ನಾನೇ ಚೊಂಬಲ್ಲಿ ಹಿಡ್ದು ಕೊಡ್ತಿದ್ದೆ."

ಅದನ್ನು ನಾನು ದಿನವೂ ನೋಡಿದ್ದೆ. ಎಂಟು ವರ್ಷದ ಹುಡುಗಿಗೆ ನಲ್ಲಿ ತಿರುಗಿಸಲು ಕೈಯಿಲ್ಲವೇ, ಮುದ್ದು ಮಾಡಿ ಕೆಡಿಸುತ್ತಿದ್ದೀರಿ ಎಂದು ಅವರನ್ನು ಎಷ್ಟೋ ಸಲ ಗದರಿದ್ದೆ. ಅವರು ಒಂದು ಸಲವೂ ತಿರುಗಿ ಮಾತಾಡಿರಲಿಲ್ಲ. ನನ್ನ ಮಗಳೂ ಅಜ್ಜಿಯ ಹಾಗೆ ಮನೆ ತುಂಬ ಬರಿಗಾಲಲ್ಲೇ ಓಡಾಡುವವಳು. ನಾಲ್ಕು ತಿಂಗಳು, ಪ್ರತಿ ಬೆಳಿಗ್ಗೆ, ಅವಳ ಕೈಗೆ ತಗಲಬೇಕಿದ್ದುದನ್ನು ಅತ್ತೆ ತಮ್ಮ ಕೈಗೆ ತೆಗೆದುಕೊಂಡಿದ್ದರು, ನನ್ನ ಬೈಗುಳದ ಜೊತೆಗೆ.